ಮೊರದಲ್ಲಿ ಕಲಿತ ಗಾಳಿ

ಹೋದ ವಾರ ಗೋಣಿಬೀಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯುದ್ಧ ಮುಗಿದರೂ ನಮ್ಮ ಕಡೆಯ ಬಸ್ಸುಗಳು ಇನ್ನೂ ಇದ್ದಿಲಿನ ಮೇಲೆಯೇ ಓಡುತ್ತಿವೆ. ಹೊರಡುವ ಮೊದಲು ಹಿಂದಿನ ಒಲೆಗೆ ಅರ್ಧ ಗಂಟೆ ಗಾಳಿ ತಿರುವಬೇಕು, ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಹಾಗಾಗಿ ಕಾಯುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ನಾನು ಬಗ್ಗಿ ನೆಲದಿಂದ ಒಂದು ಚಿಟಿಕೆ ದೂಳು ತೆಗೆದು ಎದೆಯ ಮಟ್ಟಕ್ಕೆ ಹಿಡಿದು ಬಿಟ್ಟೆ. ಅದು ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಸೀರೆಯ ಮೇಲೆ ಹೋಗಿ ಬಿತ್ತು.

"ಎಂತ ಅಜ್ಜಿ, ನಂಗೆ ದೃಷ್ಟಿ ತೆಗೀತೀರಾ?" ಎಂದಳು ಆಕೆ.

"ನಿಂಗ್ಯಾರು ದೃಷ್ಟಿ ಹಾಕ್ತಾರೆ ಮಾರಾಯ್ತಿ. ಗಾಳಿ ನೋಡಿದೆ. ಪಡುವಣದಿಂದ ಉಂಟು. ಬಸ್ಸಿನ ಹೊಗೆ ಇತ್ಲಾಗೇ ಬರ್ತದೆ, ಆಚೆ ಬದಿ ಕೂರುವ ಬಾ."

ಆಕೆ ಏಳಲಿಲ್ಲ. ಬಸ್ಸು ಬಂತು, ಹೊಗೆ ಬಂತು, ಆಕೆ ಕೆಮ್ಮಿದಳು. ನಾನು ಆಚೆ ಬದಿ ಕೂತು ಎಲೆ ಹಾಕಿಕೊಂಡೆ.

ಇದು ನನ್ನ ಚಟ. ಅಂಗಳಕ್ಕೆ ಕಾಲಿಟ್ಟರೆ ಮೊದಲು ದೂಳೋ ಹೊಟ್ಟೋ ಒಣಗಿದ ಎಲೆಯ ಪುಡಿಯೋ, ಕೈಗೆ ಸಿಕ್ಕಿದ್ದನ್ನು ಬಿಟ್ಟು ಗಾಳಿ ಎತ್ತ ಎಂದು ನೋಡುತ್ತೇನೆ. ಮಕ್ಕಳು ನಗುತ್ತಾರೆ, ಮೊಮ್ಮಕ್ಕಳು ಅಣಕಿಸುತ್ತಾರೆ. ಎಂಟನೆಯ ವಯಸ್ಸಿನಲ್ಲಿ ಅಂಟಿದ ಚಟ ಇದು. ನಲವತ್ತೈದನೆಯ ವಯಸ್ಸಿನಲ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನ ತಲೆ ಉಳಿಸಿತು. ಅದನ್ನು ಬರೆದಿಡಿ ಎಂದು ಮನೆಯವರು ಹೇಳುತ್ತಲೇ ಇದ್ದರು. ನಾನು ಓದಿದ್ದು ಮೂರನೇ ಕ್ಲಾಸಿನ ಅರ್ಧ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಆ ಅರ್ಧ ಯಾಕೆಂದು ಮೊದಲು ಹೇಳುತ್ತೇನೆ. ಕಳಸದ ಹತ್ತಿರದ ನನ್ನ ತವರಿನಲ್ಲಿ ಒಬ್ಬ ದೊಡ್ಡಮ್ಮ ಇದ್ದರು, ಅಪ್ಪನ ಅಣ್ಣನ ಹೆಂಡತಿ. ಸುಗ್ಗಿಗೆ ಕೈ ಸಾಲದು ಎಂದು ಅವರು ನನ್ನನ್ನು ಶಾಲೆಯಿಂದ ಬಿಡಿಸಿದರು. ಸುಗ್ಗಿ ಮುಗಿಯಿತು, ಮತ್ತೆ ಕಳಿಸುವುದು ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು, ಆದರೆ ಆ ಮೇಷ್ಟ್ರು ಹೊಡೆಯುತ್ತಿದ್ದರು, ನಾನು ಸುಮ್ಮನಿದ್ದೆ. ದೊಡ್ಡಮ್ಮ ಮೊರ ಕೊಟ್ಟು ಭತ್ತ ತೂರಲು ನಿಲ್ಲಿಸಿದರು. ನಾನು ಮೊರ ಎತ್ತಿ ಸುರಿದೆ. ಹೊಟ್ಟೆಲ್ಲ ಆಗ ತಾನೇ ತಲೆಗೆ ಸ್ನಾನ ಮಾಡಿ ಬಂದಿದ್ದ ದೊಡ್ಡಮ್ಮನ ಕೂದಲಿಗೆ ಹೋಗಿ ಕೂತಿತು.

"ಕಣ್ಣು ಇರೂದು ಎಂತಕ್ಕೆ? ಗಾಳಿ ಕಾಣೂದಿಲ್ವಾ ನಿಂಗೆ?" ಎಂದು ಕಿವಿ ಹಿಂಡಿದರು.

"ಗಾಳಿ ಕಾಣ್ತದಾ ದೊಡ್ಡಮ್ಮ?"

"ಕಾಣುವಲ್ಲಿವರೆಗೆ ಊಟ ಇಲ್ಲ."

ಸಂಜೆಯೊಳಗೆ ಕಂಡಿತು. ಮೊರ ಎತ್ತುವ ಮೊದಲು ಒಂದು ಚಿಟಿಕೆ ಹೊಟ್ಟು ಬಿಡಬೇಕು. ಅದು ಎತ್ತ ಹೋಗುತ್ತದೆ ಎಂದು ನೋಡಿಕೊಂಡು ಗಾಳಿಗೆ ಅಡ್ಡ ನಿಲ್ಲಬೇಕು. ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿ ಹೋದ ಕಡೆ ಹೋಗಿ ಬೇರೆ ರಾಶಿಯಾಗುತ್ತದೆ. ಎರಡು ರಾಶಿ ಬಿದ್ದ ರೀತಿ ನೋಡಿದರೆ ಸಾಕು, ಗಾಳಿ ಎಲ್ಲಿಂದ ಬಂತು ಎಂದು ದೂರದಿಂದಲೇ ಹೇಳಬಹುದು. ನನ್ನ ವಿದ್ಯೆ ಇಷ್ಟೇ. ಹದಿಮೂರಕ್ಕೆ ಮದುವೆಯಾಗಿ ಗೋಣಿಬೀಡಿನ ಈ ಮನೆಗೆ ಬಂದಾಗ ಜೊತೆಯಲ್ಲಿ ತಂದದ್ದೂ ಇಷ್ಟೇ. ಇಲ್ಲಿ ಭತ್ತಕ್ಕಿಂತ ಕಾಫಿ ಹೆಚ್ಚು. ಕೊಯ್ದ ಹಣ್ಣಿನಲ್ಲಿ ಎಲೆ, ಕಡ್ಡಿ ಬೆರೆತಿರುತ್ತದೆ. ಅದನ್ನೂ ಮೊರದಲ್ಲಿ ತೂರಿಯೇ ಬೇರೆ ಮಾಡುವುದು. ನನಗೆ ಹೊಸದೇನೂ ಆಗಲಿಲ್ಲ.

ಈಗ ವಿಮಾನಕ್ಕೆ ಬರುತ್ತೇನೆ.

ನಮ್ಮ ಗುಡ್ಡದ ಆಚೆ ಒಬ್ಬ ಬಿಳಿ ದೊರೆಯ ಎಸ್ಟೇಟು ಇತ್ತು. ಹಿಂದಿನ ಯುದ್ಧದಲ್ಲಿ ವಿಮಾನ ಓಡಿಸಿದವರು. ಆಳುಗಳು ಅವರನ್ನು ಹದ್ದಿನ ದೊರೆ ಎನ್ನುತ್ತಿದ್ದರು. ಅವರೊಂದು ಚಿಕ್ಕ ವಿಮಾನ ತರಿಸಿದರು. ಎರಡು ಅಂತಸ್ತಿನ ಬಟ್ಟೆಯ ರೆಕ್ಕೆ, ಒಂದರ ಹಿಂದೆ ಒಂದು ಎರಡು ಗುಂಡಿ, ಗುಂಡಿಗೊಬ್ಬರು, ಮೇಲೆ ಮುಚ್ಚಳ ಇಲ್ಲ. ತರಿಸಿದ್ದಾಯಿತು, ಇಳಿಸುವುದು ಎಲ್ಲಿ? ಅವರ ಜಮೀನೆಲ್ಲ ಇಳಿಜಾರು. ಚಪ್ಪಟೆ ಇದ್ದದ್ದು ನಮ್ಮ ಮನೆಯ ಮೇಲಿನ ದನ ಮೇಯುವ ಬಯಲು ಮಾತ್ರ. ಒಂದು ದಿನ ನಮ್ಮ ಜಗಲಿಗೆ ಬಂದು ಕೂತರು. ಅವರು ಕನ್ನಡ ಕಲಿತದ್ದು ಆಳುಗಳ ಹತ್ತಿರ. ಹಾಗಾಗಿ ಕಲೆಕ್ಟರಾಗಲಿ ಕೂಲಿಯಾಗಲಿ, ಎಲ್ಲರಿಗೂ ನೀನು, ಹೋಗು, ಬಾ.

"ನಿನ್ನ ಬಯಲು ನನಗೆ ಕೊಡು. ನಾನು ನಿನಗೆ ಹಾರಲು ಕಲಿಸುತ್ತೇನೆ" ಎಂದು ನಮ್ಮ ಯಜಮಾನರಿಗೆ ಹೇಳಿದರು.

ಯಜಮಾನರಿಗೆ ಆಗ ಐವತ್ತೆರಡು. ಮಗುವಿನ ಹಾಗೆ ಖುಷಿಯಾದರು. ಆಳುಗಳನ್ನು ಬಿಟ್ಟು ಬಯಲಿನ ನಡುವೆ ಉದ್ದಕ್ಕೆ ಹುಲ್ಲು ಹೆರೆಸಿ, ಉರುಳುಗಲ್ಲು ಹೊಡೆಸಿ, ನೆಲವನ್ನು ಕಣದ ಹಾಗೆ ಗಟ್ಟಿ ಮಾಡಿಸಿದರು. ಎರಡೂ ಬದಿಗೆ ಹುತ್ತಗಳೂ ಹಳೇ ಮರದ ಬುಡಗಳೂ ಹಾಗೆಯೇ ಉಳಿದವು. ಮೊದಲ ಪಾಠದ ದಿನ ಬೆಳಿಗ್ಗೆ ಕಡುಬು ತಿಂದು ಹೊರಟರು. ಬೇಡ ಎಂದೆ, ಕೇಳಲಿಲ್ಲ. ಹತ್ತು ನಿಮಿಷಕ್ಕೆ ಇಳಿದು ಬಂದರು. ವಿಮಾನ ನಿಂತ ಮೇಲೂ ನೆಲದ ಮೇಲೆ ಬೋರಲು ಮಲಗಿ ಎರಡು ಕೈಯಲ್ಲಿ ಹುಲ್ಲು ಹಿಡಿದುಕೊಂಡಿದ್ದರು. ಕಡುಬು ದೊರೆಯ ಕೋಟಿನ ಮೇಲಿತ್ತು.

"ಮಾರಾಯ್ತಿ, ಇದು ಮನುಷ್ಯರಿಗಲ್ಲ" ಎಂದರು.

ಮಧ್ಯಾಹ್ನ ನಿಂಬೆ ಪಾನಕ ಕೊಡುತ್ತ ನಾನು ಕೇಳಿದೆ. "ಬಯಲು ಕೊಟ್ಟಾಯ್ತು. ದನಕ್ಕೆ ಮೇವು ಹೋಯ್ತು. ಬದಲಿಗೆ ಎಂತಾದ್ರೂ ಬರಬೇಕಲ್ಲ. ನಾನು ಕಲೀಲಾ?"

"ನೀನಾ? ಮೂರು ಮೊಮ್ಮಕ್ಕಳ ಅಜ್ಜಿ ನೀನು."

"ಅವ್ರನ್ನ ಕಟ್ಕೊಂಡು ಹೋಗೂದಿಲ್ಲ."

"ಹೋಗು ಹೋಗು. ಒಂದ್ಸಲ ಹೋದ್ರೆ ನಿಂಗೇ ಬುದ್ಧಿ ಬರ್ತದೆ."

ಹೋದೆ. ಬುದ್ಧಿ ಬರಲಿಲ್ಲ.

ದನದ ಮೇವಿನ ಮಾತು ಯಜಮಾನರಿಗೆ ಹೇಳಿದ್ದು. ನಿಮಗೆ ನಿಜ ಹೇಳುತ್ತೇನೆ. ನಮ್ಮದು ಇಪ್ಪತ್ತೆರಡು ಜನರ ಮನೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಒಬ್ಬಳೇ ಇದ್ದ ಜಾಗ ಎಂದರೆ ಬಚ್ಚಲು. ಅಲ್ಲಿಯೂ ಯಾರಾದರೂ ಬಾಗಿಲು ಬಡಿದು ಉಗ್ರಾಣದ ಬೀಗದಕೈ ಕೇಳುತ್ತಿದ್ದರು. ಅದಕ್ಕಾಗಿ ದುಃಖಪಟ್ಟವಳಲ್ಲ ನಾನು, ಪುರುಸೊತ್ತೂ ಇರಲಿಲ್ಲ. ಆದರೆ ಮೊದಲ ದಿನ ಮೇಲೆ ಹೋದಾಗ ನಮ್ಮ ಮನೆ ಬೆಂಕಿಪೆಟ್ಟಿಗೆಯಷ್ಟು ಕಂಡಿತು, ಅದರೊಳಗೆ ಇಪ್ಪತ್ತೊಂದು ಜನ ಇದ್ದಾರೆ, ಒಬ್ಬರೂ ನನ್ನನ್ನು ಕೂಗುವಂತಿಲ್ಲ ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಕಿವಿಗೆ ಕಟ್ಟಿದ್ದ ಮಾತಿನ ಕೊಳವೆಯಿಂದ ದೊರೆ ಕೂಗಿದರು. "ಅಮ್ಮ, ಕೋಲು ಸಡಿಲ ಹಿಡಿ." ಇಲ್ಲೂ ಒಬ್ಬರು ಬಂದರಲ್ಲ ಎನಿಸಿತು. ಒಂದು ಸಲ ಈ ಮನುಷ್ಯನೂ ಇಲ್ಲದೆ ಮೇಲೆ ಹೋಗಬೇಕು. ಆಸೆ ಅಷ್ಟೇ. ಅದನ್ನು ಯಾರಿಗೂ ಹೇಳಲಿಲ್ಲ.

ಕಲಿತ ಚಂದವನ್ನು ನೀವು ನೋಡಬೇಕಿತ್ತು. ಸೀರೆಯನ್ನು ನಾಟಿಗೆ ಇಳಿಯುವಾಗ ಕಟ್ಟುವ ಹಾಗೆ ಕಚ್ಚೆ ಹಾಕಿ ಕಟ್ಟುತ್ತಿದ್ದೆ. ತಲೆಗೆ ದೊರೆಯ ಚರ್ಮದ ಟೊಪ್ಪಿ, ತುರುಬಿನ ಮೇಲೆ ಅದು ಕೂರುವುದಿಲ್ಲ, ಅದಕ್ಕೆ ಜಡೆ ಹಾಕಿ ಒಳಗೆ ಬಿಟ್ಟುಕೊಂಡೆ. ಎರಡು ಕಾಲಿನ ನಡುವೆ ಒಂದು ಕೋಲು. ಅದನ್ನು ಕೂದಲೆಳೆಯಷ್ಟು ಆಡಿಸಬೇಕಂತೆ. ನನ್ನ ಕೈಗೆ ಗೊತ್ತಿದ್ದ ಕೋಲು ಕಡಗೋಲು ಒಂದೇ.

"ಅಮ್ಮ, ಮಜ್ಜಿಗೆ ಕಡೆಯಬೇಡ" ಎಂದು ಕೊಳವೆಯಲ್ಲಿ ದಿನವೂ ಕೇಳುತ್ತಿತ್ತು.

"ನೀವು ಅನ್ನಿ ದೊರೆ. ನಂಗೆ ಮೊಮ್ಮಕ್ಕಳಿದ್ದಾರೆ" ಎಂದೆ ಒಂದು ದಿನ.

"ನೀವು ಮಜ್ಜಿಗೆ ಕಡೆಯಬೇಡ" ಎಂದರು.

ಏರುವುದು ಬೇಗ ಬಂತು, ತಿರುಗುವುದೂ ಬಂತು. ಇಳಿಯುವುದು ಬರಲಿಲ್ಲ. ನೆಲ ಹತ್ತಿರ ಬಂದ ಕೂಡಲೇ ನಾನು ಕೋಲು ಎಳೆದು ಬಿಡುತ್ತಿದ್ದೆ. ವಿಮಾನ ಕಪ್ಪೆಯ ಹಾಗೆ ನಾಲ್ಕು ಸಲ ನೆಗೆದು ಐದನೆಯದಕ್ಕೆ ಕೂರುತ್ತಿತ್ತು. ಎಂಜಿನ್ ನೋಡಿಕೊಳ್ಳಲು ದೊರೆ ಚಿಕ್ಕಮಗಳೂರಿನಿಂದ ಖಾದರ್ ಸಾಬರನ್ನು ತಂದು ಇಟ್ಟುಕೊಂಡಿದ್ದರು. ಮೊದಲು ಬಸ್ಸುಗಳ ಮೆಕ್ಯಾನಿಕ್ ಆಗಿದ್ದವರು, ನನ್ನದೇ ವಯಸ್ಸು. ಪ್ರತಿ ಸಲ ಚಕ್ರದ ಕಾಲು ಮುಟ್ಟಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ಇದಕ್ಕೂ ಬಸ್ಸಿಗೂ ಎಂತ ವ್ಯತ್ಯಾಸ ಸಾಬರೆ?" ಎಂದು ಕೇಳಿದ್ದೆ.

"ಬಸ್ಸಿಗೆ ಬ್ರೇಕ್ ಇದೆ ಅಮ್ಮ, ಇದಕ್ಕಿಲ್ಲ. ಬಾಕಿ ಎಲ್ಲ ಒಂದೇ" ಎಂದರು.

ಬ್ರೇಕ್ ಇಲ್ಲದ್ದರಿಂದಲೇ ಗಾಳಿಯ ಮಾತು ಬರುತ್ತದೆ. ಗಾಳಿಗೆ ಮುಖ ಕೊಟ್ಟು ಇಳಿದರೆ ಗಾಳಿಯೇ ಹಿಡಿದು ನಿಲ್ಲಿಸುತ್ತದೆ. ಬೆನ್ನು ಕೊಟ್ಟು ಇಳಿದರೆ ನೂಕಿಕೊಂಡು ಹೋಗುತ್ತದೆ. ದೊರೆ ಇದನ್ನು ಕಡ್ಡಿಯಲ್ಲಿ ನೆಲದ ಮೇಲೆ ಬರೆದು ಅರ್ಧ ಗಂಟೆ ವಿವರಿಸಿದರು. ನಾನು ಒಂದು ಚಿಟಿಕೆ ದೂಳು ತೆಗೆದು ಬಿಟ್ಟು ತೋರಿಸಿದೆ. ಆಮೇಲೆ ಗಾಳಿಯ ಪಾಠ ಬಿಟ್ಟರು. ಮೇಲಿನಿಂದ ದೂಳು ಕಾಣುವುದಿಲ್ಲವಲ್ಲ, ಅದಕ್ಕೆ ಬಯಲಿನ ಕೊನೆಯಲ್ಲಿ ಒಂದು ಕಂಬ ನೆಟ್ಟು ತುದಿಗೆ ಬಟ್ಟೆಯ ಚೀಲ ಕಟ್ಟಿದ್ದರು. ಗಾಳಿ ತುಂಬಿದರೆ ಚೀಲ ಗಾಳಿ ಹೋಗುವ ಕಡೆಗೆ ಕೈ ಮಾಡುತ್ತದೆ. ನನ್ನ ಹಳೆಯ ಕೆಂಪು ಸೀರೆ ಹರಿದು ಹೊಲಿದದ್ದು.

ಅತ್ತೆಯವರದು ಇನ್ನೊಂದು ಕತೆ. ಎಂಬತ್ತು ದಾಟಿದ್ದರು, ಕಣ್ಣು ಮಂಜು, ಕಿವಿ ಚುರುಕು. ಮೊದಲ ದಿನ ನಾನು ಇಳಿದು ಅಡಿಗೆಮನೆಗೆ ಕಾಲಿಡುವಾಗ ಬಾಗಿಲಲ್ಲಿ ತಡೆದರು.

"ಎತ್ಲಾಗಿ ಹೋಗಿದ್ದೆ?"

"ಹೊಳೆ ಆಚೆಗೆ ಹೋಗಿ ತಿರುಗಿ ಬಂದ್ವಿ ಅತ್ತೆ."

"ಹೊಳೆ ಆಚೆ ಸುಡುಗಾಡು ಉಂಟಲ್ಲ."

"ಅದರ ಮೇಲಿಂದ ಹೋದದ್ದು. ಎಷ್ಟೋ ಎತ್ತರದಲ್ಲಿ."

"ಮೇಲಿಂದ ಹೋದ್ರೂ ಹೋದ ಹಾಗೇ. ಹೊಗೆನೂ ಮೇಲೇ ಹೋಗೂದು. ಸ್ನಾನ ಮಾಡಿ ಬಾ."

ಮಾತು ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ಪ್ರತಿ ಪಾಠಕ್ಕೂ ಒಂದು ಸ್ನಾನ. ಆ ಎರಡು ವರ್ಷ ನಾನಿದ್ದಷ್ಟು ಶುದ್ಧವಾಗಿ ಹಿಂದೆಯೂ ಇರಲಿಲ್ಲ, ಮುಂದೆಯೂ ಇಲ್ಲ.

ಎರಡನೆಯ ವರ್ಷದ ಕೊಯ್ಲಿನ ಹೊತ್ತಿಗೆ ಯುದ್ಧ ಬರುತ್ತದೆ ಎಂಬ ಮಾತು ಬಲವಾಯಿತು. ಸಂಕ್ರಾಂತಿ ಕಳೆದ ಕೂಡಲೇ ವಿಮಾನವನ್ನು ಮದ್ರಾಸಿಗೆ ಒಯ್ದು ಕೊಟ್ಟು ಊರಿಗೆ ಹೋಗುತ್ತೇನೆ ಎಂದು ದೊರೆ ಹೇಳಿದರು.

"ನಂದು?" ಎಂದೆ.

"ಒಬ್ಬಳೇ ಹೋಗಿ ಒಬ್ಬಳೇ ಇಳಿದರೆ ಮಾತ್ರ ಕಲಿತ ಹಾಗೆ. ಇಲ್ಲದಿದ್ದರೆ ನೀನು ಬರೀ ಸವಾರಿ ಮಾಡಿದ್ದು. ನೀವು" ಎಂದು ಸೇರಿಸಿದರು. "ಆದರೆ ನೀವು ಕಪ್ಪೆ. ಇನ್ನೂ ಬಿಡುವುದಿಲ್ಲ."

ಸಂಕ್ರಾಂತಿಗೆ ಎಂಟು ದಿನ ಇತ್ತು. ಆ ಎಂಟರಲ್ಲಿ ಮೂರು ದಿನ ಮೋಡ ಕವಿದು ಕೂತಿತು. ಕಾಫಿ ಬೆಳೆದವರಿಗೆ ಹೇಳಬೇಕಾದ್ದಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಕೊಯ್ದ ಹಣ್ಣನ್ನು ಹರಡದೆ ರಾಶಿ ಬಿಟ್ಟರೆ ಒಳಗೊಳಗೇ ಬಿಸಿಯಾಗಿ ಬೂಸಲು ಹಿಡಿಯುತ್ತದೆ. ನಮ್ಮ ಕಣ ತುಂಬಿತ್ತು, ಅಂಗಳ ತುಂಬಿತ್ತು, ಹಣ್ಣಿನ ರಾಶಿ ಗಾಡಿಯ ಕೊಟ್ಟಿಗೆಯೊಳಗೂ ಬಂದಿತ್ತು. ಕೈ ಹಾಕಿದರೆ ಸುಡುತ್ತಿತ್ತು. ಗುರುವಾರ ಸಂಜೆ ನಾನು ಚಿನ್ನಪ್ಪ ಮೇಸ್ತ್ರಿಯನ್ನು ಕರೆದೆ. ನಮ್ಮ ಆಳುಗಳ ಮೇಲ್ವಿಚಾರಣೆ ಅವನದು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಅವನ ಒಳ್ಳೆಯದೂ ಅದೇ, ಕೆಟ್ಟದ್ದೂ ಅದೇ.

"ನಾಳೆ ಬಿಸಿಲು ಬಂದ್ರೆ ಮೊರದಷ್ಟು ಚಪ್ಪಟೆ ಜಾಗವೂ ಖಾಲಿ ಬಿಡಬೇಡ. ಎಲ್ಲಿ ಉಂಟೋ ಅಲ್ಲಿ ಹರಡು. ನನ್ನನ್ನ ಕೇಳ್ತಾ ಕೂರಬೇಡ."

"ಆಯ್ತು ಅಮ್ಮಾರೆ" ಎಂದ.

ಹಾಗೆ ಹೇಳುವಾಗ ನನ್ನ ಎಲೆಅಡಿಕೆ ಚಂಚಿಯನ್ನು ಕೈಯಲ್ಲಿ ಎತ್ತಿ ಹಿಡಿದಿದ್ದೆ. ಇದನ್ನೂ ಹೇಳಬೇಕು. ನನಗೆ ಬೈಯಲು ಸಹನೆ ಇಲ್ಲ. ಕೋಪ ಮೀರಿದರೆ ಸೊಂಟದ ಚಂಚಿ ಕಿತ್ತು ಎಸೆಯುತ್ತೇನೆ. ಒಳಗೆ ಹಿತ್ತಾಳೆಯ ಸುಣ್ಣದ ಡಬ್ಬಿ ಇರುವುದರಿಂದ ಬಿದ್ದರೆ ಪೆಟ್ಟಾಗುತ್ತದೆ. ಚಂಚಿ ಹಾರಿತೆಂದರೆ ನಮ್ಮ ಆಳುಗಳು ಏನು, ಯಾಕೆ ಎಂದು ನೋಡುವುದಿಲ್ಲ. ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡುತ್ತಾರೆ. ವರ್ಷಕ್ಕೆ ಒಂದೋ ಎರಡೋ ಸಲ. ಹೆಚ್ಚು ಮಾಡಿದರೆ ಬೆಲೆ ಹೋಗುತ್ತದೆ.

ಶುಕ್ರವಾರ ಬೆಳಿಗ್ಗೆ ಇನ್ನೂ ಮೋಡವೇ. ದೊರೆಗೆ ಚಿಕ್ಕಮಗಳೂರಿನಲ್ಲಿ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸವಿತ್ತು. "ನೀವು ಬಾ, ಅಲ್ಲಿಯವರೆಗೆ ಹೋಗಿ ಬರೋಣ" ಎಂದರು. ಖಾದರ್ ಸಾಬರು ಪೆಟ್ರೋಲ್ ನೋಡಿ, ಹೋಗಿ ಬರುವಷ್ಟು ಇದೆ ಎಂದು ಹೇಳಿ, ಎಂಜಿನ್ ತಿರುಗಿಸಿಕೊಟ್ಟು, ಶುಕ್ರವಾರದ ನಮಾಜಿಗೆಂದು ಮೂಡಿಗೆರೆಗೆ ಹೊರಟರು. ಚಿಕ್ಕಮಗಳೂರಿನ ಊರಾಚೆ ಒಂದು ದೊಡ್ಡ ಬಯಲು, ಅಲ್ಲಿ ನಾನೇ ಇಳಿಸಿದೆ. ಒಂದೇ ಸಲ ನೆಗೆಯಿತು. ದೊರೆ ಎಂಜಿನ್ ಆರಿಸದೆ ಕೆಳಗಿಳಿದರು. ತಮ್ಮನ್ನು ಕಟ್ಟಿಕೊಳ್ಳುವ ಪಟ್ಟಿಯನ್ನು ಖಾಲಿ ಕುರ್ಚಿಗೆ ಬಿಗಿದು ಕಟ್ಟಿ, ನನ್ನ ಕಿವಿಯ ಹತ್ತಿರ ಬಂದು ಕೂಗಿದರು.

"ನೀವೇ ಒಯ್ಯಿ. ನಾನು ಮಧ್ಯಾಹ್ನ ಕಾರಿನಲ್ಲಿ ಬರುತ್ತೇನೆ."

"ಈಗಲಾ?"

"ನಾಳೆ ಕೇಳಿದರೆ ನೀವು ಇಡೀ ದಿನ ಯೋಚನೆ ಮಾಡುತ್ತೀರಿ."

ಅವರು ನೀವು ಎಂದು ಸರಿಯಾಗಿ ಹೇಳಿದ್ದು ಅದೇ ಮೊದಲು.

ಹೊರಟೆ. ಅಷ್ಟು ಬೇಗ ಏರುತ್ತದೆಂದು ಗೊತ್ತಿರಲಿಲ್ಲ. ಎದುರಿನ ಗುಂಡಿಯಲ್ಲಿ ದೊರೆಯ ಕೆಂಪು ಕುತ್ತಿಗೆ ಇರುತ್ತಿತ್ತು, ಈಗ ಅಲ್ಲಿಂದ ಆಕಾಶ ಕಾಣುತ್ತಿತ್ತು. ಕೊಳವೆಯಲ್ಲಿ ಮಾತಿಲ್ಲ. ಬಲಗಡೆ ತಿರುಗಿ ನೋಡಿದರೆ ಬಾಬಾಬುಡನ್‌ಗಿರಿಯ ಸಾಲಿನ ಮೇಲೆ ಮೋಡ ಒಡೆದು ಬಿಸಿಲು ಇಳಿಯುತ್ತಿತ್ತು. ನಾನು ಒಬ್ಬಳೇ ಇದ್ದೆ. ಮೂವತ್ತೆರಡು ವರ್ಷಕ್ಕೆ ಬೇಕಾದಷ್ಟು ಒಬ್ಬಳೇ. ಏನಾದರೂ ದೊಡ್ಡದಾಗಿ ಯೋಚಿಸಬೇಕು ಎಂದುಕೊಂಡೆ. ಬಿಸಿಲು ಬಂತಲ್ಲ, ಚಿನ್ನಪ್ಪ ಕಾಫಿ ಹರಡಿದನೋ ಇಲ್ಲವೋ ಎಂದು ಯೋಚಿಸಿದೆ.

ದಾರಿ ನನಗೆ ಗೊತ್ತಿದ್ದದ್ದು ಒಂದೇ, ಬಸ್ಸಿನ ದಾರಿ. ದೊರೆ ಇದ್ದಾಗ ಗುಡ್ಡ ನೋಡಿಕೊಂಡು ನೇರ ಹೋಗುತ್ತಿದ್ದರು. ನಾನು ಕೆಳಗಿನ ಕೆಂಪು ರಸ್ತೆ ಹಿಡಿದೆ. ರಸ್ತೆ ತಿರುಗಿದಲ್ಲಿ ತಿರುಗಿದೆ. ಆಲ್ದೂರಿಗೆ ಬಂದಾಗ ಬಸ್ಸು ನಿಲ್ಲುವ ಜಾಗದಲ್ಲಿ ಪರಿಚಯದವರು ಯಾರಾದರೂ ಇದ್ದಾರಾ ಎಂದು ಬಗ್ಗಿ ನೋಡಿದೆ. ಮೂಡಿಗೆರೆಯವರೆಗೆ ಹೋಗಿ, ಅಲ್ಲಿಂದ ಗೋಣಿಬೀಡಿನ ರಸ್ತೆಗೆ ಹೊರಳಿದೆ, ಬಸ್ಸು ಹೊರಳುವ ಹಾಗೆಯೇ. ಆಕಾಶದಲ್ಲಿ ತಿರುವು ಯಾಕೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಆಮೇಲೆ ರೆಕ್ಕೆಯಲ್ಲಿದ್ದ ಪೆಟ್ರೋಲಿನ ಗಾಜಿನ ಕೊಳವೆ ನೋಡಿದರೆ ಒಳಗಿನ ಬಿರಡೆ ತಳ ಮುಟ್ಟುತ್ತಿತ್ತು.

ಇರಲಿ, ಮನೆ ಬಂತಲ್ಲ ಎಂದುಕೊಂಡೆ. ಗುಡ್ಡ ದಾಟಿದ ಕೂಡಲೇ ನಮ್ಮ ಬಯಲು ಕಂಡಿತು. ನಾವು ಹೊರಟ ಬೆನ್ನಿಗೇ ಇಲ್ಲಿ ಬಿಸಿಲು ಬಂದಿರಬೇಕು. ಹಸಿರಿನ ನಡುವೆ ಉದ್ದಕ್ಕೆ ಒಂದು ಕೆಂಪು ಪಟ್ಟೆ. ಅಂಚು ನೇರ, ದಪ್ಪ ಒಂದೇ ಸಮ, ಕೆದಕಿದ ಗೆರೆಗಳು ಸಹ ಓರೆಯಾಗಿರಲಿಲ್ಲ. ಎಷ್ಟು ಚೆನ್ನಾಗಿ ಹರಡಿದ್ದಾನೆ ಚಿನ್ನಪ್ಪ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಕೊಟ್ಟಿಗೆಯ ರಾಶಿಯೂ ಖಾಲಿಯಾಗಿರಬೇಕು ಎಂದು ಸಮಾಧಾನವಾಯಿತು.

ಆಮೇಲೆ ನೆನಪಾಯಿತು, ಇಳಿಯಬೇಕಾದವಳು ನಾನು.

ಚಿಕ್ಕಮಗಳೂರಿಗೆ ವಾಪಸು ಹೋಗಲು ಪೆಟ್ರೋಲ್ ಇಲ್ಲ. ಬದಿಯಲ್ಲಿ ಇಳಿಯೋಣವೆಂದರೆ ಹುತ್ತ, ಮರದ ಬುಡ. ಕೆಂಪು ಪಟ್ಟೆಯ ಮೇಲೆ ಮೂವತ್ತು ಜನ ಕಾಫಿ ಕೆದಕುತ್ತಿದ್ದಾರೆ. ತಗ್ಗಿ ಅವರ ತಲೆಯ ಮೇಲಿಂದ ಹೋದೆ, ದೂರ ಹೋಗಲಿ ಎಂದು. ಅವರು ತಲೆಯೆತ್ತಿ ನೋಡಿದರು. ಅಮ್ಮಾರು ಕೆಲಸ ನೋಡಲು ಬಂದಿದ್ದಾರೆ ಎಂದುಕೊಂಡರು. ಕೂತಿದ್ದವರೂ ಎದ್ದು ಜೋರಾಗಿ ಕೆದಕತೊಡಗಿದರು. ಎರಡನೆಯ ಸಲ ಇನ್ನೂ ತಗ್ಗಿ ಹೋಗಿ ಕೈ ಬೀಸಿದೆ. ಚಿನ್ನಪ್ಪ ರುಮಾಲು ತೆಗೆದು ಕೈ ಮುಗಿದ, ಹಿಂದಿರುಗಿ ಹೆಂಗಸರಿಗೆ ಏನೋ ಗದರಿದ. ಅವರು ಇನ್ನೂ ಬಗ್ಗಿದರು. ನನ್ನ ಕೆಂಪು ಸೀರೆಯ ಗಾಳಿಚೀಲ ನೋಡೋಣವೆಂದರೆ ಕಂಬಕ್ಕೆಲ್ಲ ಕಂಬಳಿ, ಬುತ್ತಿಯ ಗಂಟು ನೇತುಹಾಕಿ, ಅಡ್ಡ ಬರುತ್ತದೆಂದು ಚೀಲವನ್ನು ಸುತ್ತಿ ಕಟ್ಟಿಬಿಟ್ಟಿದ್ದರು.

ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಕೋಪ ಬಂದದ್ದೇ ಒಳ್ಳೆಯದಾಯಿತು, ಕೈ ತಾನಾಗಿ ಸೊಂಟಕ್ಕೆ ಹೋಯಿತು. ಮೂರನೆಯ ಸಲ ಬರುವಾಗ ಚಂಚಿ ಕಿತ್ತು ಕೆಳಗೆ ಎಸೆದೆ.

ಅದು ಚಿನ್ನಪ್ಪನಿಗೆ ನಾಲ್ಕು ಮಾರು ದೂರದಲ್ಲಿ ಕಾಫಿಯ ಮೇಲೆ ಬಿತ್ತು. ಅವನು ಚಂಚಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾಲ ಕೆಳಗಿನ ನೆಲ ನೋಡಿದ. ಆಮೇಲೆ ಓಡಿದ. ಅವನ ಹಿಂದೆ ಮೂವತ್ತು ಜನವೂ ಓಡಿದರು, ಕೆದಕುವ ಹಲಗೆಗಳನ್ನು ಅಲ್ಲಲ್ಲೇ ಬಿಟ್ಟು.

ಓಡದವಳು ಒಬ್ಬಳೇ. ಬಯಲಿನ ಅಂಚಿನಲ್ಲಿ ದ್ಯಾವಮ್ಮ ಮೊರ ಹಿಡಿದು ಹಣ್ಣಿನಿಂದ ಎಲೆ ತೂರುತ್ತಿದ್ದಳು. ಅವಳಿಗೆ ಕಿವಿ ಚೂರೂ ಕೇಳಿಸದು. ನಾನು ಅವಳ ಕಡೆ ನೋಡಿದೆ. ಎಲೆ ಹಾರುವುದು ಅಷ್ಟು ಎತ್ತರದಿಂದ ಕಾಣಲಿಲ್ಲ. ಎರಡು ರಾಶಿ ಕಂಡಿತು. ಕಾಲ ಬುಡದಲ್ಲಿ ಕೆಂಪು ರಾಶಿ, ಅದರ ಮೂಡಣಕ್ಕೆ ಹಸಿರು ರಾಶಿ. ಹಾಗಾದರೆ ಗಾಳಿ ಪಡುವಣದ್ದು. ಚಳಿಗಾಲದಲ್ಲಿ ನಮ್ಮಲ್ಲಿ ಬೀಸುವುದು ಮೂಡಣ ಗಾಳಿ, ನಾನು ಇಳಿದು ಅಭ್ಯಾಸವಿದ್ದದ್ದೂ ಅದಕ್ಕೆ ಮುಖ ಕೊಟ್ಟೇ. ಮೂರು ದಿನದ ಮೋಡ ಗಾಳಿಯನ್ನು ತಿರುಗಿಸಿತ್ತು. ಎಂದಿನ ಹಾಗೆ ಬಂದಿದ್ದರೆ ಕಾಫಿಯ ಮೇಲೆ ಜಾರಿಕೊಂಡು, ಬೆನ್ನ ಹಿಂದಿನ ಗಾಳಿ ನೂಕಿ, ಬಯಲಿನ ಕೊನೆಯ ಕಂದಕಕ್ಕೆ ಹೋಗುತ್ತಿದ್ದೆ.

ಸುತ್ತು ಹಾಕಿ, ಯಾವತ್ತೂ ಬರದ ಕಡೆಯಿಂದ, ಬಿದಿರು ಮೆಳೆಯ ತಲೆ ಸವರಿಕೊಂಡು ಬಂದೆ. ನೆಲ ಹತ್ತಿರವಾಯಿತು. ಕೋಲು ಎಳೆಯಬೇಕೆನಿಸಿತು, ಎಳೆಯಲಿಲ್ಲ. ಕೆಳಗಿರುವುದು ಕಾಫಿ, ನೆಗೆದರೆ ನೆಗೆದಷ್ಟು ಕಡೆ ಹಣ್ಣು ಜಜ್ಜುತ್ತದೆ ಎಂದು ಕೈ ತಡೆಯಿತು. ಚಕ್ರ ಮುಟ್ಟಿದ್ದು ತಿಳಿಯಲೇ ಇಲ್ಲ. ಮಳೆ ಬಂದ ಹಾಗೆ ರೆಕ್ಕೆಯ ಕೆಳಗೆ ಹಣ್ಣು ಬಡಿಯಿತು. ವಿಮಾನ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಜಾರಿತು, ಮುಂದೆ ಮುಂದೆ ಹೋಯಿತು, ಕೊನೆಗೆ ಒಂದು ಹಲಗೆಯನ್ನು ಮೂತಿಯಿಂದ ನೂಕಿ ನಿಂತಿತು. ಒಂದು ಸಲವೂ ನೆಗೆಯಲಿಲ್ಲ. ಎರಡು ವರ್ಷದಲ್ಲಿ ಅಷ್ಟು ಚಂದದ ಇಳಿತ ನನ್ನಿಂದ ಆಗಿರಲಿಲ್ಲ, ನೋಡಲು ದೊರೆಯೂ ಇರಲಿಲ್ಲ, ಖಾದರ್ ಸಾಬರೂ ಇರಲಿಲ್ಲ.

ಎಂಜಿನ್ ಆರಿಸಿ ಟೊಪ್ಪಿ ತೆಗೆದೆ. ಚಿನ್ನಪ್ಪ ಚಂಚಿ ಹಿಡಿದುಕೊಂಡು ಬಂದ. ಸುಣ್ಣದ ಡಬ್ಬಿಯ ಒಂದು ಮೂಲೆ ತಗ್ಗಾಗಿತ್ತು. ಈಗಲೂ ಅದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಸುಣ್ಣ ಒಣಗುತ್ತದೆ. ಅವನು ವಿಮಾನವನ್ನೂ ಅದರ ಹಿಂದಿನ ದಾರಿಯನ್ನೂ ನೋಡಿದ. ಬಾಲದ ಕೆಳಗಿನ ಮರದ ತುಂಡು ಕಾಫಿಯ ನಡುವೆ ಬಯಲಿನುದ್ದಕ್ಕೆ ಒಂದು ನೇರ ಗೆರೆ ಎಳೆದಿತ್ತು.

"ಅಮ್ಮಾರೆ, ನೀವೇ ಏಳಿದ್ರಿ, ಎಲ್ಲಿ ಚಪ್ಪಟೆ ಐತೋ ಅಲ್ಲಿ ಅಂತ" ಎಂದ.

"ಹೇಳಿದ್ದೆ."

"ಕೇಳಬ್ಯಾಡ ಅಂತಾನೂ ಏಳಿದ್ರಿ."

"ಅದನ್ನೂ ಹೇಳಿದ್ದೆ ಮಾರಾಯ. ತಪ್ಪು ನಂದೇ. ಜಜ್ಜಿದ್ದನ್ನ ಬೇರೆ ತೆಗೆಸು, ಉಳಿದದ್ದು ಮತ್ತೆ ಕೆದಕು. ಬಿಸಿಲು ಹೋಗ್ತದೆ."

ಮಧ್ಯಾಹ್ನ ದೊರೆ ಬಂದರು. ಅಷ್ಟರಲ್ಲಿ ಚಿನ್ನಪ್ಪ ವಿಮಾನವನ್ನು ಬದಿಗೆ ನೂಕಿಸಿ ಆ ಜಾಗದಲ್ಲೂ ಕಾಫಿ ಹರಡಿ ಮುಗಿಸಿದ್ದ. ದೊರೆ ಬಯಲಿನ ಅಂಚಿಗೆ ಹೋಗಿ ನೋಡಿಕೊಂಡು ಜಗಲಿಗೆ ಬಂದರು.

"ಎಲ್ಲಿ ಇಳಿದಿರಿ?" ಎಂದರು.

"ಅಲ್ಲೇ."

"ಹೇಗಿತ್ತು?"

"ನೀವಿಲ್ಲದಿದ್ರೆ ಬೇಗ ಏರ್ತದೆ. ನೀವು ಭಾರ ದೊರೆ" ಎಂದೆ.

ಜಗಲಿಯಲ್ಲಿ ಕೂತಿದ್ದ ಯಜಮಾನರು ಅದಕ್ಕೆ ನಕ್ಕದ್ದು ಅಡಿಗೆಮನೆಯವರೆಗೆ ಕೇಳಿಸಿತು. ಒಳಗಿಂದ ಅತ್ತೆಯವರು ಎತ್ಲಾಗಿ ಹೋಗಿದ್ದಳು ಕೇಳಿ ಎಂದರು. ನಾನು ಸ್ನಾನಕ್ಕೆ ಹೋದೆ. ಸ್ನಾನದ ನಡುವೆ ಯಾರೋ ಬಾಗಿಲು ಬಡಿದು ಉಗ್ರಾಣದ ಬೀಗದಕೈ ಕೇಳಿದರು.

ಸಂಕ್ರಾಂತಿ ಕಳೆದು ವಿಮಾನ ಹೋಯಿತು. ಹೊರಡುವ ದಿನ ಖಾದರ್ ಸಾಬರು ಅದರ ಹೊಟ್ಟೆಯೊಳಗಿಂದ ಎರಡು ಸೇರು ಕಾಫಿ ಹಣ್ಣು ತೆಗೆದು ಕೊಟ್ಟರು. ದೊರೆ ಊರಿಗೆ ಹೋದರು, ಆಮೇಲೆ ಏನಾದರೋ ತಿಳಿಯದು. ಲೈಸೆನ್ಸಿನ ಪರೀಕ್ಷೆ ಇಂಗ್ಲಿಷಿನಲ್ಲಿ ಎಂದು ಅವರು ಹೇಳಿದ್ದರು, ಹಾಗಾಗಿ ನನ್ನ ಹತ್ತಿರ ತೋರಿಸಲು ಕಾಗದ ಇಲ್ಲ. ಬಯಲು ಕಣವಾಯಿತು. ಉರುಳುಗಲ್ಲು ಹೊಡೆಸಿದ ಗಟ್ಟಿ ನೆಲ, ಅಷ್ಟು ಒಳ್ಳೆಯ ಕಣ ಸುತ್ತಮುತ್ತ ಯಾರಿಗೂ ಇಲ್ಲ.

ಚಿನ್ನಪ್ಪನಿಗೆ ಮಾತ್ರ ಆ ದಿನದ ಪೆಟ್ಟು ಹೋಗಿಲ್ಲ. ನನ್ನನ್ನು ಕೇಳದೆ ಅಲ್ಲಿ ಒಂದು ಹಣ್ಣೂ ಹರಡುವುದಿಲ್ಲ. ಇಷ್ಟು ವರ್ಷವಾಯಿತು, ಪ್ರತಿ ಕೊಯ್ಲಿನಲ್ಲಿ ಮೊದಲ ಗಾಡಿ ಬಂದ ಬೆಳಿಗ್ಗೆ ಜಗಲಿಯ ಕೆಳಗೆ ನಿಂತು, ನಗದೆ, ರುಮಾಲು ಕೈಯಲ್ಲಿ ಹಿಡಿದು ಕೇಳುತ್ತಾನೆ.

"ಅಮ್ಮಾರೆ, ಇವತ್ತು ಮೇಲೆ ಓಗೋದೇನಾದ್ರೂ ಐತಾ?"

ನಾನು ಅಂಗಳಕ್ಕೆ ಇಳಿಯುತ್ತೇನೆ. ಒಂದು ಚಿಟಿಕೆ ದೂಳು ತೆಗೆದು ಬಿಡುತ್ತೇನೆ. ಎತ್ತ ಹೋಗುತ್ತದೆ ಎಂದು ನಾನೂ ನೋಡುತ್ತೇನೆ, ಅವನೂ ನೋಡುತ್ತಾನೆ.

"ಇವತ್ತಿಲ್ಲ" ಎನ್ನುತ್ತೇನೆ. "ಹರಡು."